ಈಜಿಗೆಂದು ಬೋಳಿಸಿದ ತಲೆ

ಮಾರ್ಚ್ ೧೪, ಶುಕ್ರವಾರ

ಅಮ್ಮನ ಆ ಮುಖ ಕಣ್ಣಮುಂದಿನಿಂದ ಸರಿಯುತ್ತಿಲ್ಲ.

ದೊಡ್ಡ ಸ್ಪರ್ಧೆಯ ಹಿಂದಿನ ದಿನ ನಮ್ಮ ಈಜು ತಂಡದ ಹುಡುಗರೆಲ್ಲ ತಲೆ ಬೋಳಿಸಿಕೊಳ್ಳುವುದು ವಾಡಿಕೆ. ನೀರಲ್ಲಿ ಸಲೀಸಾಗಿ ಜಾರಬಹುದಂತೆ. ಸಂಜೆ ಕೊಳದ ಪಕ್ಕದಲ್ಲೇ ಒಬ್ಬರಿಗೊಬ್ಬರು ಮಷಿನ್ ಹಾಕಿಕೊಂಡು ಬಿದ್ದು ಬಿದ್ದು ನಕ್ಕೆವು. ನಾಳೆ ರಾಷ್ಟ್ರೀಯ ತಂಡದ ಆಯ್ಕೆ. ನನಗೆ ಬೇರೇನೂ ನೆನಪಿರಲಿಲ್ಲ.

ಬಾಗಿಲು ತೆಗೆದ ಅಮ್ಮ ನನ್ನ ತಲೆ ನೋಡಿ ಗೋಡೆ ಹಿಡಿದುಕೊಂಡಳು. ಬೈಯಲಿಲ್ಲ. ಹಣೆ ಮುಟ್ಟಿ ನೋಡಿದಳು. "ಯಾವಾಗಿಂದ? ನಂಗ್ಯಾಕೆ ಹೇಳ್ಲಿಲ್ಲ?" ಎಂದಳು, ತೀರಾ ಮೆಲ್ಲಗೆ.

ಆಗ ನನಗೆ ಹೊಳೆಯಿತು. ಏಳನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿಗೆ ಔಷಧಿ ಏರಿಸಿದಾಗ ಕೂದಲೆಲ್ಲ ಉದುರಿ ಇದೇ ತಲೆ ಇತ್ತು. ಅದನ್ನು ನಾನು ಮರೆತಿದ್ದೆ. ಹೇಗೆ ಮರೆತೆ?

"ಈಜೋಕಮ್ಮಾ. ಎಲ್ರೂ ಬೋಳಿಸ್ಕೊಂಡ್ವಿ."

"ಓ, ಹಂಗಾ. ಒಳ್ಳೆ ತಿಕ್ಕಿಟ್ಟ ಚೆಂಬಿನ ಥರ ಇದೀಯ" ಎಂದು ನಕ್ಕಳು. ಊಟ ಬಡಿಸಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಈಗ ಮಲಗಲು ಬಂದರೆ ನನ್ನ ಮಂಚದ ಪಕ್ಕ, ಕೈಗೆಟಕುವಂತೆ, ಬಕೆಟ್ ಇದೆ. ತಳಕ್ಕೆ ಸ್ವಲ್ಪ ನೀರು ಹಾಕಿದ್ದಾಳೆ, ಆಗ ವಾಂತಿಗೆಂದು ಇಡುತ್ತಿದ್ದ ಹಾಗೇ. ಇಟ್ಟದ್ದು ಅವಳಿಗಾದರೂ ಗೊತ್ತೋ ಇಲ್ಲವೋ.

ಎತ್ತಿಡಲು ಕೈ ಬರುತ್ತಿಲ್ಲ. ಇರಲಿ, ಬೆಳಿಗ್ಗೆ ಅವಳು ಏಳುವ ಮೊದಲು ಎತ್ತಿಟ್ಟರಾಯಿತು.