ಏಳು ಲಾಕುಗಳ ಕೆಳಗೆ

'ಪೇಷನ್ಸ್' ದೋಣಿ,
ಬ್ರಿಂಡ್ಲಿ ಲಾಕುಗಳ ಕೆಳಗೆ,
ಮಂಗಳವಾರ, ಅಕ್ಟೋಬರ್ 29

ಪ್ರೀತಿಯ ಥೆಲ್ಮಾ,

ನೀನು ನಮ್ಮ ದೋಣಿಮನೆ ಬಿಟ್ಟು ಅಕ್ಕನ ಮನೆ ಸೇರಿ ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನಿನ್ನ ಗಂಡ ಬರೆದದ್ದು ಎರಡು ಕ್ರಿಸ್‌ಮಸ್ ಕಾರ್ಡು. ಹಾಗಾಗಿ ಲಕೋಟೆ ದಪ್ಪಗಿರುವುದನ್ನು ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಎಂಜಿನ್ ಕೂಡ ಸತ್ತಿಲ್ಲ.

ನಾನು ನಿನ್ನಿಂದ ಒಂದೂವರೆ ಮೈಲಿ ದೂರದಲ್ಲಿದ್ದೇನೆ, ಐದು ದಿನದಿಂದ. ಮೊದಲ ದಿನ ಪ್ರೊಪೆಲ್ಲರಿಗೆ ಎಲೆ ಸುತ್ತಿಕೊಂಡಿದೆ ಎಂದುಕೊಂಡೆ. ಎರಡನೆಯ ದಿನ ಗಾಳಿ ಜಾಸ್ತಿ ಎನ್ನಿಸಿತು. ಮೂರನೆಯ ದಿನ ನೆಪಕ್ಕೆ ಗಾಳಿಯೂ ಇರಲಿಲ್ಲ. ಬೆಳಿಗ್ಗೆ ಹಗ್ಗ ಬಿಚ್ಚುತ್ತೇನೆ, ಟೀ ಕುಡಿದು ಮತ್ತೆ ಕಟ್ಟುತ್ತೇನೆ. ಒಲೆಗೆ ಕಲ್ಲಿದ್ದಲು ತುಂಬಿ, ಸೆಕೆಯೆಂದು ಕಿಟಕಿ ತೆರೆಯುತ್ತೇನೆ. ನೀರ ತುಂಬ ಎಲೆ, ಮನಸ್ಸಿಗಿಲ್ಲ ನೆಲೆ. ಪ್ರಾಸದ ಚಟ ಹೋಗಿಲ್ಲ, ಕ್ಷಮಿಸು.

ಸೋಮವಾರದಿಂದ ಮಾರ್ಚ್‌ವರೆಗೆ ಗೇಟುಗಳ ರಿಪೇರಿ. ಕಾಲುವೆಯಲ್ಲಿ ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತುವ ಏಳೂ ಲಾಕು ಬಂದ್. ಭಾನುವಾರದೊಳಗೆ ಹತ್ತಿದರೆ ವಾಪಸ್ ಇಳಿಯಲಾಗದೆ ಚಳಿಗಾಲ ಪೂರ್ತಿ ನಿನ್ನ ಬೀದಿಯ ಕೆಳಗೇ ಇರಬೇಕು. ಹತ್ತದಿದ್ದರೆ ಇಲ್ಲೇ ತಿರುಗಬೇಕು. ಅರವತ್ತಡಿಯ ದೋಣಿ ತಿರುಗುವಷ್ಟು ಅಗಲ ಮುಂದೆಲ್ಲೂ ಇಲ್ಲ. ಕಾಲುವೆಯ ದೋಣಿ ಹದಿನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಬೇಕೆಂಬ ನಿಯಮವನ್ನು ಪ್ರೀತಿಸುವ ಮನುಷ್ಯ ಇಡೀ ಇಂಗ್ಲೆಂಡಿನಲ್ಲಿ ನಾನೊಬ್ಬನೇ ಎಂದು ನೀನು ಹೇಳುತ್ತಿದ್ದೆ. ಒಂದು ಕಡೆ ನಿಲ್ಲುವುದಕ್ಕೆ ನನಗೆ ಭಯ, ನಿಜ. ಈ ಸಲದ ಭಯ ಬೇರೆ.

ನಿನ್ನೆ ಕಲ್ಲಿದ್ದಲು ಮಾರುವ ಕ್ಲೈವ್ ತನ್ನ ದೋಣಿಯನ್ನು ನಮ್ಮದಕ್ಕೆ ತಾಗಿಸಿ ನಿಲ್ಲಿಸಿದ. ನೀರು ಹಿಡಿಯಲು ಬಂದ ನಾಲ್ಕು ಜನ ನಲ್ಲಿಯ ಹತ್ತಿರವಿದ್ದರು. ಅವನಿಗೆ ಅಷ್ಟು ಸಾಕು.

"ಏನಯ್ಯಾ ಬರ್ನಾರ್ಡ್, ನಿನ್ನ ಹೆಂಡ್ತಿ ಹೇಗಿದಾಳೆ? ಈಗ ಯಾರ ಕಾಲುವೆ ಖಾಲಿ ಮಾಡ್ತಿದಾಳೆ?" ಎಂದ. ಆಮೇಲೆ ಅವರಿಗೆಲ್ಲ ಹಳೇ ಕಥೆ: "ಈತನ ಹೆಂಡ್ತಿ ಲಾಕಿನ ತೂಬು ಮುಚ್ಚೋದು ಮರೆತ್ಲು ನೋಡಿ. ಬೆಳಿಗ್ಗೆ ಎದ್ರೆ ನೀರೇ ಇಲ್ಲ! ಹನ್ನೊಂದು ದೋಣಿ ಕೆಸರಲ್ಲಿ ಹಂದಿ ಥರ ಬಿದ್ಕೊಂಡಿದ್ವು. ನನ್ನ ಟೀ ಕಪ್ಪು ಜಾರಿ ಹಾಸಿಗೆ ಮೇಲೆ!"

ಎಲ್ಲರೂ ನಕ್ಕರು. ನಾಲ್ಕು ವರ್ಷದಿಂದ ಕಥೆಯ ಆ ಜಾಗದಲ್ಲಿ ನಾನೂ ಸ್ವಲ್ಪ ನಗುತ್ತಿದ್ದೆ. ನಿನ್ನೆ ನಗು ಬರಲಿಲ್ಲ. "ಅದು ಅವಳಲ್ಲ, ನಾನು" ಎಂದುಬಿಟ್ಟೆ.

ಹೌದು, ಥೆಲ್ಮಾ. ನೀನು ತೂಬು ಮುಚ್ಚಿಯೇ ಬಂದಿದ್ದೆ. ಕತ್ತಲಾಗುವ ಹೊತ್ತಿಗೆ ಕೆಳಗಿನಿಂದ ಯಾವುದೋ ದೋಣಿಯ ಹಾರನ್ ಕೇಳಿತು. ಅವರಿಗೆ ಉಪಕಾರವಾಗಲಿ ಎಂದು ನಾನೇ ಹೋಗಿ ಲಾಕಿನ ನೀರು ಕೆಳಗೆ ಬಿಡಲು ತೂಬು ಎತ್ತಿದೆ. ದೋಣಿ ಬರಲಿಲ್ಲ. ಮಳೆ ಬಂತು. ತೂಬು ಮುಚ್ಚದೆ ನಾನು ಒಳಗೆ ಬಂದೆ. ಮೇಲಿನ ಹಳೇ ಗೇಟು ಹೇಗೆ ಸೋರುತ್ತದೆಂದು ನಿನಗೆ ಗೊತ್ತಲ್ಲ, ರಾತ್ರಿಯಿಡೀ ನೀರೆಲ್ಲ ಹಾಗೇ ಹರಿದುಹೋಯಿತು. ಬೆಳಿಗ್ಗೆ ಎಲ್ಲರೂ ನಿನ್ನ ಕಡೆ ನೋಡಿದರು. ನೀನು ನನ್ನ ಕಡೆ ನೋಡಿದೆ. ನಾನು ಕೆಸರು ನೋಡಿದೆ.

ಆ ದಿನವೇ ಹೇಳಿದ್ದರೆ ಒಂದು ವಾರದ ನಗೆಪಾಟಲು, ಅಷ್ಟೇ. ಆದರೆ ನೀನು ಪ್ರತಿ ಲಾಕಿಗೂ ವಾಪಸ್ ನಡೆದು ಹೋಗಿ "ಮುಚ್ಚಿದ್ನಾ? ಮುಚ್ಚಿದ್ನಾ?" ಎಂದು ನೋಡತೊಡಗಿದೆ. ಆಮೇಲೆ ಗೇಟು ಮುಟ್ಟುವುದನ್ನೇ ಬಿಟ್ಟೆ. ಆಮೇಲೆ ಒಲೆ, ಗ್ಯಾಸು, ಬೀಗ, ಯಾವುದರಲ್ಲೂ ನಿನ್ನ ಕೈಯ ಮೇಲೆ ನಿನಗೇ ನಂಬಿಕೆಯಿಲ್ಲ. ಕೊನೆಗೆ ನೆನಪಿನ ಶಕ್ತಿ ಪರೀಕ್ಷೆ ಮಾಡಿಸಲು ಡಾಕ್ಟರ ಹತ್ತಿರ ಹೋದೆ. ಅಷ್ಟರಲ್ಲಿ ನನ್ನ ಸುಳ್ಳು ಹೇಳಲಾಗದಷ್ಟು ದೊಡ್ಡದಾಗಿತ್ತು.

ಕ್ಲೈವ್ ಬಯ್ಯುತ್ತಾನೆಂದುಕೊಂಡಿದ್ದೆ. ಅವನು ಮೂಟೆ ಇಳಿಸಿ, ಮಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ನಾವು ಕೆಸರಲ್ಲಿ ಕೂತಿದ್ದು ಒಂದೇ ದಿನ ಕಣಯ್ಯಾ. ನಮಗ್ಯಾಕೆ ಹೇಳ್ತೀಯ?" ಎಂದ. ಹಗ್ಗ ಬಿಚ್ಚಿಕೊಂಡು ಹೊರಟುಹೋದ.

ಹಾಗಾಗಿ ನಿನಗೆ ಹೇಳಿದ್ದೇನೆ. ಭಾನುವಾರ ಮಧ್ಯಾಹ್ನದವರೆಗೆ ಇಲ್ಲೇ ಇರುತ್ತೇನೆ. ಲಾಕಿನ ತೂಬು ಎತ್ತುವ ನಿನ್ನ ಹ್ಯಾಂಡಲನ್ನು ಸೂಟ್‌ಕೇಸಿನಲ್ಲಿ ಒಯ್ದಿದ್ದೆಯಲ್ಲ, ಎಸೆದಿಲ್ಲವಾದರೆ ಅದನ್ನು ಹಿಡಿದು ಇಳಿದು ಬಾ. ಏಳು ಲಾಕನ್ನೂ ನೀನೇ ತೆರೆ, ನೀನೇ ಮುಚ್ಚು. ನಾನು ವಾಪಸ್ ಹೋಗಿ ನೋಡುವುದಿಲ್ಲ. ನೀನು ಬರದಿದ್ದರೆ ಹನ್ನೆರಡೂವರೆಗೆ ದೋಣಿ ತಿರುಗಿಸುತ್ತೇನೆ. ದಾರಿಯುದ್ದಕ್ಕೂ, ಸಿಕ್ಕ ಪ್ರತಿ ನಲ್ಲಿಯ ಹತ್ತಿರ ಕಥೆಯನ್ನು ಸರಿಯಾಗಿ ಹೇಳುತ್ತಾ ಹೋಗುತ್ತೇನೆ.

ಇನ್ನೂ ನಿನ್ನ ಎನ್ನಬಹುದಾದರೆ, ನಿನ್ನ
ಬರ್ನಾರ್ಡ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಆ ಪರೀಕ್ಷೆಯಲ್ಲಿ ನಿನಗೆ ಮೂವತ್ತಕ್ಕೆ ಮೂವತ್ತು ಬಂದಿತ್ತು. ಹೊರಗೆ ಬಂದು ನೀನು ಎಷ್ಟೋ ದಿನದ ಮೇಲೆ ಮೊದಲ ಸಲ ನಕ್ಕಿದ್ದೆ. "ಪ್ರಶ್ನೆ ಸುಲಭ ಇದ್ವೇನೋ" ಎಂದೆ ನಾನು. ಮರೆತು ಹೇಳಿದ್ದಲ್ಲ, ತಪ್ಪು ನನ್ನದೆಂದು ಗೊತ್ತಿದ್ದೇ ಹೇಳಿದ್ದು. ಇದನ್ನೂ ಓದಿದ ಮೇಲೆ ಬರುವಂತಿದ್ದರೆ ಮಾತ್ರ ಬಾ.