ಮುಚ್ಚಳ ಎಷ್ಟೇ ಬಿಗಿಯಿದ್ದರೂ

ಸೂಪರ್‌ವೈಸರ್ ಸಾಹೇಬರಿಗೆ,

ಬೂಟಿಗೆ ಅಟ್ಟೆ ಅಂಟಿಸುವ ಕೋಣೆಯಿಂದ ನನ್ನನ್ನು ಬದಲಿಸಿ ಎಂದು ಮೂರನೆಯ ಸಲ ಕೇಳುತ್ತಿದ್ದೇನೆ. ನನಗೀಗ ಐದು ತಿಂಗಳು. “ಮಗು ಒಳಗೆ ಭದ್ರವಾಗಿದೆ ಕಣಮ್ಮ, ಅಂಟಿನ ಘಾಟು ಅಲ್ಲಿಗೆಲ್ಲಿ ಹೋಗುತ್ತೆ?” ಎಂದು ಎಲ್ಲರೆದುರು ನಕ್ಕಿರಿ.

ಡಾಕ್ಟರಮ್ಮ ನಗಲಿಲ್ಲ. ಮಗುವನ್ನು ಕಾಯುವ ಮಾಸು ಎಷ್ಟೋ ರೋಗಾಣುಗಳನ್ನು ಹೊಸಿಲಲ್ಲೇ ತಡೆಯುತ್ತದಂತೆ. ಆದರೆ ನನ್ನ ಉಸಿರಿನಿಂದ ರಕ್ತಕ್ಕಿಳಿದ ಈ ಘಾಟು ಅದನ್ನೂ ದಾಟಿಬಿಡುತ್ತದಂತೆ.

ಗೊತ್ತಿರಲಿಲ್ಲ ಅನ್ನಬೇಡಿ. “ಮುಚ್ಚಳ ಎಷ್ಟೇ ಬಿಗಿಯಿದ್ದರೂ ಊಟಕ್ಕೆ ಘಾಟು ಹತ್ತುತ್ತೆ” ಎಂದು ನಿಮ್ಮ ಬುತ್ತಿಯನ್ನು ಆಫೀಸಿನ ಬೀರುವಿನಲ್ಲಿ ಇಡುವವರು ನೀವೇ ತಾನೆ?

ನಾಳೆಯಿಂದ ಆ ಬೀರುವಿನ ಪಕ್ಕ ನನಗೊಂದು ಸ್ಟೂಲು ಹಾಕಿಸಿ. ಲೇಸು ಪೋಣಿಸುವ ಕೆಲಸ ಅಲ್ಲೇ ಕೂತು ಮಾಡುತ್ತೇನೆ. ನಿಮ್ಮ ಊಟಕ್ಕೆ ಸಿಕ್ಕ ಜಾಗ ನನ್ನ ಮಗುವಿಗೂ ಸಿಗಲಿ.

ಇತಿ,
ಮೂರನೆಯ ಮೇಜಿನವಳು