ಇಬ್ಬರೂ ಕಂಡದ್ದು

ಮನೆಯಿಂದ,
ಮೇ ೨೧, ಮಂಗಳವಾರ

ತಮ್ಮ ಅನ್ನಿಸಿಕೊಂಡವನಿಗೆ,

ಹೇಗಿದ್ದೀಯ? ಮಂಡಿ ನೋವು ವಾಸಿಯಾಯಿತಾ? ಆಗಿರಲೇಬೇಕು. ಇಲ್ಲದಿದ್ದರೆ ಭಾನುವಾರ ಕೆರೆ ಸುತ್ತ ಮೂರು ಮೈಲಿ ಹೇಗೆ ನಡೆದೆ? ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ಅಕ್ಷರ ಗೆರೆ ಬಿಟ್ಟು ಓಡಿದ್ದರೆ ನಗಬೇಡ, ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ಹೊಲಿಗೆ ಮೆಷಿನ್ನಿಗೆ ಕೂತವಳು ನಾನು.

ಶನಿವಾರ ಫೋನಿನಲ್ಲಿ ಏನಂದೆ? "ಅಕ್ಕಾ, ಬಿಸಿಲು ಬೆಂಕಿ ಸುರೀತಿದೆ, ಕೆರೆ ದಾರೀನೇ ಮುಚ್ಚಿಬಿಟ್ಟಿದ್ದಾರೆ, ಈ ವರ್ಷ ಬಿಡು." ನಂಬಿದೆ. ಬೂಟಿಗೆ ಹೊಸ ಲೇಸು ಹಾಕಿಟ್ಟಿದ್ದೆ, ಎತ್ತಿ ಮಂಚದ ಕೆಳಗೆ ತಳ್ಳಿದೆ. ಫ್ಲಾಸ್ಕು ಬೋರಲು ಹಾಕಿದೆ. ಇಡೀ ಭಾನುವಾರ ಫ್ಯಾನಿನ ಕೆಳಗೆ ಕೂತು ಸೂರ್ಯನಿಗೆ ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ನಿನ್ನೆ ಕೆರೆ ಕಾವಲುಗಾರ ಅಂಗಿಗೆ ಗುಂಡಿ ಹಾಕಿಸಿಕೊಳ್ಳಲು ಬಂದಿದ್ದ. ಸೂಜಿಗೆ ದಾರ ಅವನೇ ಪೋಣಿಸಿಕೊಟ್ಟ, ಅದಿರಲಿ. "ಯಾಕಮ್ಮಾ ನೀವು ಬರಲಿಲ್ಲ? ದಾರಿ ಮುಚ್ಚೋದು ಹತ್ತು ಗಂಟೆ ಮೇಲೆ, ಬಿಸಿಲೇರಿದಾಗ. ನಿಮ್ಮ ತಮ್ಮ ಐದೂವರೆಗೇ ಬಂದಿದ್ರು, ಭಾಮೈದನ ಜೊತೆ. ನೀರುನಾಯಿ ನೋಡಿದ್ರು, ಮೂರು ಮರಿ" ಅಂದ. ಗುಂಡಿ ಸೊಟ್ಟ ಹಾಕಿ ಕಳಿಸಿದೆ.

ಭಾಮೈದನ ಜೊತೆಯಂತೆ. ಗಿಳಿಗೂ ಮಿಂಚುಳ್ಳಿಗೂ ವ್ಯತ್ಯಾಸ ತಿಳಿಯದವನು, ಬಾಯಿ ಮುಚ್ಚಿಸಿದರೆ ಮೂಗಿನಲ್ಲಿ ಮಾತಾಡುವವನು. ಇಪ್ಪತ್ತೆರಡು ಬೇಸಿಗೆ ಆ ದಡದಲ್ಲಿ ಕುಂಡೆ ಸವೆಸಿದ್ದು ನಾನೋ ಅವನೋ? ಒಂದು ನೀರುನಾಯಿಯಾದರೂ ಮೂತಿ ತೋರಿಸಲಿ ಅಂತ ಕಾದದ್ದು ಯಾರು?

ಪ್ರತಿ ಬೇಸಿಗೆ ಕೆರೆಯಲ್ಲಿ ಕಂಡ ಪ್ರಾಣಿ ಪಕ್ಷಿ ಬರೆದಿಡುವ ನಮ್ಮ ಪುಸ್ತಕ ನನ್ನ ಟ್ರಂಕಿನಲ್ಲಿದೆ. ಮೊದಲ ವರ್ಷ ನೀನು ಅದರಲ್ಲಿ ಚಿರತೆ ಅಂತ ಬರೆದೆ, ಮಧ್ಯಾಹ್ನ ಅದೇ ಚಿರತೆ ಟೀ ಅಂಗಡಿ ಮುಂದೆ ಬಾಲ ಅಲ್ಲಾಡಿಸಿ ಬನ್ನು ತಿನ್ನುತ್ತಿತ್ತು. ಆವತ್ತೇ ನಾನು ಕಟ್ಟುಪಾಡು ಮಾಡಿದ್ದು, ಇಬ್ಬರೂ ಕಂಡದ್ದನ್ನು ಮಾತ್ರ ಬರೆಯಬೇಕು ಅಂತ. ನಿನ್ನ ಮೂರು ಮರಿಗೆ ಅದರಲ್ಲಿ ಜಾಗ ಇಲ್ಲ. ಬೇಕಾದರೆ ಭಾಮೈದನ ಬೆನ್ನ ಮೇಲೆ ಬರೆದುಕೋ.

"ಅಕ್ಕಾ, ಈ ಸಲ ನೀನು ಬೇಡ" ಅಂತ ನೇರವಾಗಿ ಅಂದಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ತೆರೆದ ದಾರಿಯನ್ನು ನನ್ನ ಪಾಲಿಗೆ ಮಾತ್ರ ಮುಚ್ಚಿದೆಯಲ್ಲ, ಅದು ನುಂಗೋಕೂ ಆಗ್ತಿಲ್ಲ, ಉಗಿಯೋಕೂ ಆಗ್ತಿಲ್ಲ. ಬೇರೆ ಯಾರಾದರೂ ಮಾಡಿದ್ದರೆ ಮರೆತೇಬಿಡುತ್ತಿದ್ದೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು.

ನಿನ್ನ ಹೆಂಡತಿಯನ್ನು ಕೇಳಿದೆ ಅಂತ ಹೇಳು, ಅವಳ ತಮ್ಮನಿಗೆ ಏನೂ ಹೇಳಬೇಡ. ನೂರು ವರ್ಷ ಬಾಳು, ಸುಳ್ಳು ಹೇಳದೆ ಬಾಳು.

ಇಂತಿ,
ನಿನ್ನ ಅಕ್ಕ

ಅಂಟು ಹಚ್ಚುವ ಮುಂಚೆ ಇನ್ನೊಂದು ಮಾತು. ಎರಡು ವರ್ಷದಿಂದ ನನಗೆ ದೂರದ್ದೂ ಕಾಣುತ್ತಿಲ್ಲ, ಹತ್ತಿರದ್ದೂ ಅಷ್ಟಕ್ಕಷ್ಟೇ. ಹೋದ ವರ್ಷದ ಮಿಂಚುಳ್ಳಿ, ಆಚೆ ವರ್ಷದ ಕೊಕ್ಕರೆ ಹಿಂಡು, ಯಾವುದನ್ನೂ ನಾನು ಕಾಣಲಿಲ್ಲ. ನೀನು ಬೆರಳು ತೋರಿಸಿದೆ, ನಾನು ಹೂಂ ಅಂದೆ. ನಿನಗೆ ಗೊತ್ತಾಗಿತ್ತು ಅಂತ ಕಾಣುತ್ತೆ, ಅದಕ್ಕೇ ಈ ಸಲ ನನ್ನನ್ನು ಬಿಟ್ಟು ಹೋದೆಯೇನೋ. ಗೊತ್ತಿದ್ದೂ ಅವನ್ನು ಪುಸ್ತಕದಲ್ಲಿ ಬರೆದೆಯಾ? ಹಾಗಾದರೆ ಕಟ್ಟುಪಾಡು ಮುರಿದವರು ನಾವಿಬ್ಬರೂ. ಭಾನುವಾರ ಐದಕ್ಕೆ ಬಾ, ಒಬ್ಬನೇ ಬಾ, ಆ ಎರಡು ಹಾಳೆಗೆ ಗೀಟು ಹಾಕೋಣ. ಆಮೇಲೆ ಕೆರೆಗೆ ಹೋಗೋಣ. ಮರಿಗಳು ಕೀಚು ಕೀಚು ಅನ್ನುತ್ತವಂತೆ, ಕಾವಲುಗಾರ ಹೇಳಿದ. ನನ್ನ ಕಿವಿ ಇನ್ನೂ ಗಟ್ಟಿ ಇದೆ. ಒಬ್ಬರು ಕಂಡದ್ದು, ಒಬ್ಬರು ಕೇಳಿದ್ದು, ಬರೆಯಬಹುದೋ ಇಲ್ಲವೋ ಅಂತ ಈ ಸಲ ನೀನೇ ಹೇಳು.